ನಗಾರಿಯ ಊರಿನಲ್ಲಿ ಸಂಜೆಯ ತಿಂಡಿ

ಸಂಜೆ ಏಳರ ಹೊತ್ತಿಗೆ ನಾಲ್ವರು ಗೆಳೆಯರು ಸೇರಿ ಪೇಟೆ ಬೀದಿಯಲ್ಲಿ ಅಡ್ಡಾಡುವುದು, ಗಾಡಿಯ ಮುಂದೆ ನಿಂತು ಬಿಸಿಯಾದದ್ದೇನಾದರೂ ತಿನ್ನುವುದು ನಿಮಗೆ ತೀರ ಸಾಮಾನ್ಯ ಸಂಗತಿ. ಅದಕ್ಕೂ ಒಂದು ಇತಿಹಾಸವಿದೆಯೆಂದು ನೀವು ಯೋಚಿಸಿರಲಾರಿರಿ. ಚೀನಾದ ಶಿಯಾನ್ ನಗರದಲ್ಲಿ ಒಂದು ಕಾಲಕ್ಕೆ ಇಂಥ ಅಡ್ಡಾಟಕ್ಕೆ 20 ಛಡಿಯೇಟಿನ ಶಿಕ್ಷೆಯಿತ್ತು. ಇಂದು ಅದೇ ಶಿಯಾನ್‌ಗೆ ಹೋಗುವ ಪ್ರವಾಸಿಗರನ್ನು ಮಾರ್ಗದರ್ಶಕರು ಸಂಜೆಯಾಗುತ್ತಲೇ ಬೀದಿ ತಿಂಡಿಯ ನಡಿಗೆಗೆ ಕರೆದೊಯ್ಯುತ್ತಾರೆ. ಈ ಎರಡರ ನಡುವಿನ ಕಥೆಯನ್ನು ತಿಳಿಯಬೇಕಾದರೆ ನೀವೂ ಮನಸ್ಸಿನಲ್ಲೇ ನಮ್ಮ ಜೊತೆ ನಡೆಯಬೇಕು.

ನಡಿಗೆ ಆರಂಭವಾಗುವುದು ನಗಾರಿ ಗೋಪುರದ ಬಳಿ. ಮಿಂಗ್ ವಂಶದ ಕಾಲದಲ್ಲಿ, 1380ರಲ್ಲಿ ಕಟ್ಟಿದ ಗೋಪುರ ಇದು. ಹತ್ತಿರದಲ್ಲೇ 1384ರ ಗಂಟೆ ಗೋಪುರವಿದೆ. ಅದನ್ನು 1582ರಲ್ಲಿ ಈಗಿರುವ ಜಾಗಕ್ಕೆ ಸ್ಥಳಾಂತರಿಸಿದರು. ಬೆಳಗಿಗೆ ಗಂಟೆ, ಸಂಜೆಗೆ ನಗಾರಿ. ಕೈಗಡಿಯಾರವಿಲ್ಲದ ಕಾಲದಲ್ಲಿ ಊರಿಗೆಲ್ಲ ಒಂದೇ ಸಮಯವನ್ನು ಹಂಚುವ ಯಂತ್ರ ಇದೇ ಆಗಿತ್ತು. ಆದರೆ ನಗಾರಿಯ ಸದ್ದು ಈ ಊರಿಗೆ ಮಿಂಗ್ ಕಾಲಕ್ಕಿಂತ ಬಹಳ ಹಳೆಯದು.

ಶಿಯಾನ್‌ನ ಹಿಂದಿನ ಹೆಸರು ಚಾಂಗಾನ್. ಸುಯಿ ವಂಶದ ಚಕ್ರವರ್ತಿ 582ರಲ್ಲಿ ಹೊಸದಾಗಿ ಕಟ್ಟಿಸಲು ತೊಡಗಿದ ಈ ರಾಜಧಾನಿ, ಮುಂದೆ ತಾಂಗ್ ವಂಶದ ಕೈಗೆ ಬಂದು ಆ ಯುಗದ ಜಗತ್ತಿನ ಅತಿ ದೊಡ್ಡ ನಗರಗಳಲ್ಲೊಂದಾಯಿತು. ವಿಸ್ತೀರ್ಣ ಸುಮಾರು 84 ಚದರ ಕಿಲೋಮೀಟರ್. ನಡುವಿನ ರಾಜಬೀದಿಯ ಅಗಲವೇ ಸುಮಾರು 150 ಮೀಟರ್! ನಕ್ಷೆ ನೋಡಿದರೆ ಚದುರಂಗದ ಹಾಸು ನೆನಪಾಗುತ್ತದೆ. ಒಂದೊಂದು ಮನೆಯೂ ಒಂದೊಂದು ಕೇರಿ. ಅಂಥ ಕೇರಿಗಳು ನೂರಕ್ಕೂ ಹೆಚ್ಚು. ಪ್ರತಿ ಕೇರಿಗೂ ಸುತ್ತ ಮಣ್ಣಿನ ಗೋಡೆ, ಗೋಡೆಗೆ ಬಾಗಿಲು, ಬಾಗಿಲಿಗೆ ಬೀಗ.

ಸೂರ್ಯ ಮುಳುಗಿದಾಗ ಅರಮನೆಯ ಬಾಗಿಲಲ್ಲಿ ನಗಾರಿಗೆ 400 ಪೆಟ್ಟು ಬೀಳುತ್ತಿತ್ತು. ಅದು ಮುಗಿದ ಮೇಲೆ ಮತ್ತೆ 600 ಪೆಟ್ಟು. ಅಷ್ಟರೊಳಗೆ ನೀವು ನಿಮ್ಮ ಕೇರಿ ಸೇರಿರಬೇಕು. ಮೊದಲು ಬೀದಿಬೀದಿಯಲ್ಲಿ ಕೂಗಿ ಹೇಳುತ್ತಿದ್ದುದನ್ನು ನಿಲ್ಲಿಸಿ ನಗಾರಿಗಳನ್ನು ಇಡಿಸಿದವನು ಮಾ ಝೌ ಎಂಬ ಮಂತ್ರಿ. ಕೊನೆಯ ಪೆಟ್ಟಿನ ನಂತರ ಹೆದ್ದಾರಿಯಲ್ಲಿ ಸಿಕ್ಕವನಿಗೆ ಛಡಿಯೇಟು. ಸರ್ಕಾರಿ ಕೆಲಸ, ಮದುವೆ, ಸಾವು, ಕಾಯಿಲೆ ಇವಕ್ಕೆ ಮಾತ್ರ ವಿನಾಯಿತಿ. ಹಸಿವು ಆ ಪಟ್ಟಿಯಲ್ಲಿರಲಿಲ್ಲ.

ವ್ಯಾಪಾರಕ್ಕೂ ಇದೇ ಕಟ್ಟು. ಪೂರ್ವದ ಪೇಟೆ, ಪಶ್ಚಿಮದ ಪೇಟೆ ಎಂದು ಎರಡೇ ಮಾರುಕಟ್ಟೆ. ಮಧ್ಯಾಹ್ನ 300 ನಗಾರಿ ಪೆಟ್ಟಿಗೆ ತೆರೆಯುವುದು, ಸೂರ್ಯಾಸ್ತಕ್ಕೆ ಏಳು 'ಕೆ' ಮುಂಚೆ 300 ಜಾಗಟೆ ಪೆಟ್ಟಿಗೆ ಮುಚ್ಚುವುದು. ದಿನವನ್ನು 100 ಭಾಗ ಮಾಡಿದರೆ ಅದರಲ್ಲೊಂದು ಭಾಗ 'ಕೆ'. ನೀವೇ ಲೆಕ್ಕ ಹಾಕಿ ನೋಡಿ: ಒಂದು 'ಕೆ' ಎಂದರೆ 14.4 ನಿಮಿಷ, ಏಳು ಎಂದರೆ ಹೆಚ್ಚುಕಡಿಮೆ ಒಂದು ಗಂಟೆ ನಲವತ್ತು ನಿಮಿಷ. ಅಂದರೆ ಇಂದು ತಿಂಡಿ ಬೀದಿ ಕಣ್ಣುಬಿಡುವ ಹೊತ್ತಿಗೆ ಅಂದಿನ ಪೇಟೆ ನಿದ್ದೆಗೆ ಜಾರಿರುತ್ತಿತ್ತು.

ನಮಗೆ ಪರಿಚಿತನಾದ ಒಬ್ಬ ವ್ಯಕ್ತಿಯೂ ಈ ನಗಾರಿಗೆ ಕಿವಿಗೊಟ್ಟು ಬದುಕಿದವನು. ಹ್ಯೂಯೆನ್ ತ್ಸಾಂಗ್ ಭಾರತದಿಂದ 657 ಗ್ರಂಥಗಳೊಡನೆ ಚಾಂಗಾನ್‌ಗೆ ಮರಳಿದ್ದು 645ರಲ್ಲಿ. ಮರುವರ್ಷ ಬರೆದು ಮುಗಿಸಿದ ಪ್ರವಾಸ ಗ್ರಂಥದಲ್ಲಿ ಅವನು ನಮ್ಮ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ನಾಡನ್ನೂ, ಹರ್ಷನಿಗೆ ಮಣಿಯದ ಅಲ್ಲಿನ ಜನರ ಸ್ವಾಭಿಮಾನವನ್ನೂ, ಮದ್ಯ ಕುಡಿಸಿ ಯುದ್ಧಕ್ಕೆ ನುಗ್ಗಿಸುವ ಆನೆಗಳನ್ನೂ ವರ್ಣಿಸಿದ್ದಾನೆ. ಪಾಠಪುಸ್ತಕದಲ್ಲಿ ಓದಿದ ಆ ಸಾಲುಗಳು ಬರೆಯಲ್ಪಟ್ಟ ಊರು ಇದು. ಅವನು ತಂದ ಗ್ರಂಥಗಳಿಗಾಗಿ 652ರಲ್ಲಿ ಎದ್ದ ಇಟ್ಟಿಗೆಯ ಗೋಪುರ ಈಗಲೂ ನಗರದ ದಕ್ಷಿಣಕ್ಕೆ ನಿಂತಿದೆ. ಭಾರತದಿಂದ ಬಂದದ್ದು ಗ್ರಂಥವಷ್ಟೇ ಅಲ್ಲ. 647ರಲ್ಲಿ ಚಕ್ರವರ್ತಿ ತೈಝಾಂಗ್ ಸಕ್ಕರೆ ತಯಾರಿಸುವ ವಿಧಾನವನ್ನು ಕಲಿತು ಬರಲೆಂದೇ ಮಗಧಕ್ಕೆ ಜನರನ್ನು ಕಳಿಸಿದನು. ಧರ್ಮಕ್ಕಾಗಿ ನಡೆದ ಪಯಣಗಳನ್ನು ನಾವು ನೆನೆಯುತ್ತೇವೆ, ಸಕ್ಕರೆಗಾಗಿ ನಡೆದ ಪಯಣವನ್ನು ಮರೆಯುತ್ತೇವೆ.

ಹಾಗಾದರೆ ಕಟ್ಟು ಸಡಿಲವಾದದ್ದು ಯಾವಾಗ? ಇತಿಹಾಸದ ವಿದ್ಯಾರ್ಥಿಗಳು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. 840ರಲ್ಲಿ ರಾಜಧಾನಿಯ ರಾತ್ರಿ ಪೇಟೆಗಳನ್ನು ನಿಷೇಧಿಸಿ ಒಂದು ರಾಜಾಜ್ಞೆ ಹೊರಟಿತು. ಇಲ್ಲದ್ದನ್ನು ಯಾರೂ ನಿಷೇಧಿಸುವುದಿಲ್ಲವಷ್ಟೆ! ಗೋಡೆಯ ಒಳಗೆ, ದೀಪದ ಬೆಳಕಿನಲ್ಲಿ, ಜನ ಆಗಲೇ ಮಾರುತ್ತಿದ್ದರು, ತಿನ್ನುತ್ತಿದ್ದರು ಎಂಬುದಕ್ಕೆ ಆ ಆಜ್ಞೆಯೇ ಸಾಕ್ಷಿ. ಅದೇ ಕಾಲದಲ್ಲಿ ಅಲ್ಲಿದ್ದ ಜಪಾನಿನ ಭಿಕ್ಷು ಎನ್ನಿನ್, 'ಹು' ಜನರ, ಅಂದರೆ ಪಶ್ಚಿಮದ ಪರದೇಶಿಗಳ ರೊಟ್ಟಿ ಮನೆಮನೆಯಲ್ಲೂ ಬಳಕೆಯಲ್ಲಿದೆಯೆಂದು 841ರ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

904ರಲ್ಲಿ ಝೂ ವೆನ್ ಎಂಬ ಸೇನಾನಿ ಚಾಂಗಾನ್‌ನ ಕಟ್ಟಡಗಳನ್ನು ಬಿಚ್ಚಿಸಿ, ತೊಲೆಗಳನ್ನು ನದಿಯಲ್ಲಿ ತೇಲಿಬಿಟ್ಟು ಬೇರೆಡೆಗೆ ಒಯ್ದನು. ಮಹಾನಗರ ಅಲ್ಲಿಗೆ ಮುಗಿಯಿತು. ರಾಜಧಾನಿ ಪೂರ್ವಕ್ಕೆ ಸರಿಯಿತು. ಕೈಫೆಂಗ್ ನಗರದಲ್ಲಿ 965ರಲ್ಲಿ ಸಾಂಗ್ ವಂಶದ ಮೊದಲ ಚಕ್ರವರ್ತಿ, ರಾತ್ರಿಯ ಮೂರನೆಯ ಜಾವದ ನಗಾರಿಯವರೆಗೆ ಪೇಟೆಯನ್ನು ತಡೆಯಬಾರದೆಂದು ಆಜ್ಞೆ ಮಾಡಿದನು. 840ರಲ್ಲಿ ಬೇಡವೆಂದದ್ದು 125 ವರ್ಷಗಳಲ್ಲಿ ಹಕ್ಕಾಯಿತು. ರಾಜರ ಯುದ್ಧಗಳಿಗಿಂತ ಈ ಪುಟ್ಟ ಆಜ್ಞೆಯೇ ನನಗೆ ದೊಡ್ಡ ಘಟನೆಯಾಗಿ ಕಾಣುತ್ತದೆ.

ಈಗ ನಗಾರಿ ಗೋಪುರದ ಕಮಾನಿನ ಕೆಳಗಿನಿಂದ ಉತ್ತರಕ್ಕೆ ಹೊರಡೋಣ. ಎದುರಿಗಿರುವುದು ಹುಯಿ ಜನರ ಬೀದಿ. ಹುಯಿ ಎಂದರೆ ಚೀನೀ ಭಾಷೆಯನ್ನೇ ಆಡುವ ಮುಸಲ್ಮಾನರು. ಪರ್ಷಿಯಾ, ಮಧ್ಯ ಏಷ್ಯಾಗಳಿಂದ ವ್ಯಾಪಾರಕ್ಕೂ ಸೇನೆಗೂ ಬಂದು ನೆಲೆಸಿದವರು ಸ್ಥಳೀಯರೊಡನೆ ಬೆರೆತು ಬೆಳೆದ ಜನಾಂಗ. ಪಕ್ಕದ ಓಣಿಯಲ್ಲಿ ಅವರ ಮಹಾ ಮಸೀದಿಯಿದೆ. ಇಂದಿನ ಕಟ್ಟಡ ಸಮೂಹದ ಆರಂಭ 1392ರಲ್ಲಿ. ಗುಮ್ಮಟವಿಲ್ಲ, ಎತ್ತರದ ಮಿನಾರುಗಳಿಲ್ಲ. ಬಾಗಿದ ಹೆಂಚಿನ ಸೂರು, ಮರದ ಮಂಟಪ, ತೋಟ. ಚೀನೀ ದೇವಾಲಯವೆಂದೇ ನೀವು ಭಾವಿಸುವಿರಿ. ಓಣಿಗಳ ಹೆಸರೂ ಇತಿಹಾಸವನ್ನೇ ಹೇಳುತ್ತದೆ: ಒಂದು 'ಪಶ್ಚಿಮದ ಕುರಿಪೇಟೆ', ಇನ್ನೊಂದು 'ದೊಡ್ಡ ಚರ್ಮದಂಗಳ'.

ಕಬ್ಬಿಣದ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಕುರಿಮಾಂಸದ ಘಮ ಮೊದಲು ಮೂಗಿಗೆ ಬಡಿಯುತ್ತದೆ. ಅದರ ಮೇಲೆ ಉದುರಿಸುವ ಪುಡಿ ನಮಗೆ ಗೊತ್ತಿರುವುದೇ: ಜೀರಿಗೆ. ಚೀನೀಯರು ಅದನ್ನು 'ಜಿರಾನ್' ಎನ್ನುತ್ತಾರೆ. ಮಧ್ಯ ಏಷ್ಯಾದ ಮಾತಿನಿಂದ ಬಂದ ಹೆಸರು, ಪರ್ಷಿಯದ 'ಜೀರಾ'ಗೂ ನಮ್ಮ ಜೀರಿಗೆಗೂ ನೆಂಟ. ಜೊತೆಗಿರುವ ಕೆಂಪು ಪುಡಿಯ ಕಥೆ ಬೇರೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಅದು ಚೀನಾವನ್ನು ತಲುಪಿದ್ದು 16ನೆಯ ಶತಮಾನದಲ್ಲಿ. ಹ್ಯೂಯೆನ್ ತ್ಸಾಂಗ್ ಆಗಲಿ ಪುಲಕೇಶಿಯಾಗಲಿ ಅದರ ಖಾರವನ್ನು ಕಂಡವರಲ್ಲ.

ಮುಂದಿನ ಅಂಗಡಿಯಲ್ಲಿ ಬಿಳಿ ಪಟ್ಟಿಗಳಂತಿರುವ ತಣ್ಣನೆಯ ಲಿಯಾಂಗ್‌ಪಿ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಗೋಧಿ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದಾಗ ಪಿಷ್ಟ ನೀರಿಗಿಳಿಯುತ್ತದೆ, ಅಂಟಾದ ಗ್ಲೂಟೆನ್ ಎಂಬ ಪ್ರೋಟೀನು ಕೈಯಲ್ಲುಳಿಯುತ್ತದೆ. ತಳಕ್ಕೆ ಕುಳಿತ ಪಿಷ್ಟವನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ ಹಬೆಯಲ್ಲಿ ಬೇಯಿಸಿದರೆ ಹಾಳೆ. ಅದನ್ನು ಕತ್ತರಿಸಿದರೆ ಪಟ್ಟಿ. ಉಳಿದ ಗ್ಲೂಟೆನ್ನನ್ನೂ ಬೇಯಿಸಿ ಸ್ಪಂಜಿನ ತುಂಡುಗಳಾಗಿ ಅದೇ ಬಟ್ಟಲಿಗೆ ಹಾಕುತ್ತಾರೆ. ಗೋಧಿಹಾಲು ತೆಗೆದು ಹಲ್ವಾ ಮಾಡುವುದನ್ನು ಮನೆಯಲ್ಲಿ ನೋಡಿದವರಿಗೆ ಇದರ ಅರ್ಧ ಪಾಠ ಆಗಲೇ ಗೊತ್ತು. 'ಬಿಯಾಂಗ್ ಬಿಯಾಂಗ್' ಎಂಬ ಅಗಲ ನೂಡಲ್ಸ್ ಕೂಡ ಇಲ್ಲಿದೆ. ಆ ಹೆಸರಿನ ಅಕ್ಷರಕ್ಕೆ ಐವತ್ತಕ್ಕೂ ಹೆಚ್ಚು ಗೆರೆಗಳು, 2020ರವರೆಗೆ ಯೂನಿಕೋಡ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಊರಿನ ನಿಜವಾದ ಹೆಮ್ಮೆ ಮಾತ್ರ ಪಾವೊಮೊ. ಒಂದು ಖಾಲಿ ಬಟ್ಟಲು, ಗಟ್ಟಿಯಾದ ರೊಟ್ಟಿ ನಿಮ್ಮ ಮುಂದೆ ಬರುತ್ತದೆ. ರೊಟ್ಟಿಯನ್ನು ನೀವೇ ಕಾಳಿನ ಗಾತ್ರಕ್ಕೆ ಹರಿಯಬೇಕು. ಹಿಟ್ಟು ಪೂರ್ತಿ ಹುದುಗಿರದ ಕಾರಣ ತುಂಡುಗಳು ಕುದಿಯುವ ಸಾರಿನಲ್ಲೂ ಕರಗುವುದಿಲ್ಲ. ಹರಿದು ಮುಗಿಸಲು ಅರ್ಧ ಗಂಟೆಯಾದರೂ ಬೇಕು, ಅಷ್ಟು ಹೊತ್ತೂ ಹರಟೆ. ಬಳಿಕ ಬಟ್ಟಲು ಅಡುಗೆಮನೆಗೆ ಹೋಗಿ, ಕುರಿ ಅಥವಾ ದನದ ಮಾಂಸದ ಸಾರಿನೊಡನೆ ಬೆಂದು ನಿಮಗೇ ಮರಳುತ್ತದೆ. ಇದು ತಾಂಗ್ ಕಾಲದ ಪರದೇಶಿ ರೊಟ್ಟಿಯೇ ಎಂದು ಮಾರ್ಗದರ್ಶಕರು ಉತ್ಸಾಹದಿಂದ ಹೇಳುವುದುಂಟು. ಒಂದೇ ರೊಟ್ಟಿ ಸಾವಿರ ವರ್ಷ ಬದಲಾಗದೆ ಉಳಿಯುವುದಿಲ್ಲ. ಅದೇ ದಾರಿಯಲ್ಲಿ ಬಂದ ರುಚಿ ಎಂದರೆ ಸಾಕು.

ಇಷ್ಟು ಹೇಳಿ ನಡಿಗೆಯನ್ನು ಮುಗಿಸುವ ಮಾರ್ಗದರ್ಶಕರೇ ಹೆಚ್ಚು. ಆದರೆ ಈ ಬೀದಿ ಇಂದು ಇಲ್ಲಿ ಏಕೆ ಉಳಿದಿದೆಯೆಂಬ ಪ್ರಶ್ನೆಯನ್ನು ನೀವು ಕೇಳಲೇಬೇಕು. 1862ರಲ್ಲಿ ಈ ಪ್ರಾಂತ್ಯದಲ್ಲಿ ಹುಯಿ ಜನರ ದಂಗೆ ಎದ್ದಿತು. ಹಳ್ಳಿಗಳಲ್ಲಿ ಹಾನರೂ ಹುಯಿಗಳೂ ಪರಸ್ಪರ ಕೊಂದರು. ದಂಗೆಕೋರರು ಶಿಯಾನ್‌ಗೆ ಮುತ್ತಿಗೆ ಹಾಕಿದರು, ಆದರೆ 1370ರ ದಶಕದಲ್ಲಿ ಕಟ್ಟಿದ ಕೋಟೆ ಬೀಳಲಿಲ್ಲ. ದಂಗೆ ಅಡಗಿದಾಗ ಪ್ರಾಂತ್ಯದ ಹಳ್ಳಿಗಾಡಿನಲ್ಲಿ ಮುಸಲ್ಮಾನರೇ ಇಲ್ಲವೆಂಬಂತಾಗಿತ್ತು. ಸತ್ತವರು ಸತ್ತರು, ಉಳಿದವರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಕೋಟೆಯೊಳಗೆ, ಕಾವಲುಗಾರರ ಅನುಮಾನದ ಕಣ್ಣುಗಳ ಕೆಳಗೆ ದಿನ ತಳ್ಳಿದ ಈ ಕೆಲವು ಓಣಿಗಳ ಜನ ಮಾತ್ರ ತಮ್ಮ ಊರಿನಲ್ಲೇ ಉಳಿದರು. ನೀವು ತಿನ್ನುವ ತಿಂಡಿಯ ಹಿಂದೆ ಇರುವುದು ಅವರ ಮೊಮ್ಮಕ್ಕಳ ಮಕ್ಕಳ ಕೈ.

ಓಡಿಹೋದವರಲ್ಲಿ ಒಂದು ಗುಂಪು ಬಾಯ್ ಯಾನ್‌ಹೂ ಎಂಬ ನಾಯಕನ ಹಿಂದೆ 1877ರ ಚಳಿಗಾಲದಲ್ಲಿ ತಿಯಾನ್ ಶಾನ್ ಪರ್ವತಗಳನ್ನು ದಾಟಿ ರಷ್ಯದ ನೆಲ ಸೇರಿತು. ಅವರನ್ನು ಈಗ ದುಂಗಾನರು ಎನ್ನುತ್ತಾರೆ. ಕಿರ್ಗಿಸ್ತಾನ, ಕಜಕಸ್ತಾನಗಳಲ್ಲಿ ಹಳ್ಳಿ ಕಟ್ಟಿಕೊಂಡಿರುವ ಅವರು ಶಿಯಾನ್ ಸೀಮೆಯ ಆಡುಮಾತನ್ನು ಬಿಟ್ಟಿಲ್ಲ. ಬರೆಯುವುದು ಮಾತ್ರ ರಷ್ಯನ್ ಲಿಪಿಯಲ್ಲಿ. ಕಿರ್ಗಿಸ್ತಾನದ ಕರಾಕೋಲ್ ಪಟ್ಟಣದ ಪೇಟೆಯಲ್ಲಿ ಅವರು ಮಾರುವ ಪ್ರಸಿದ್ಧ ತಿಂಡಿಯ ಹೆಸರು ಅಶ್ಲಾನ್‌ಫೂ: ಹುಳಿ ಖಾರ ಬೆರೆಸಿದ ತಣ್ಣನೆಯ ಸಾರಿನಲ್ಲಿ ಪಿಷ್ಟದಿಂದ ಮಾಡಿದ ಬಿಳಿ ಪಟ್ಟಿಗಳು.