ಮೊಂಡಾದ ಟೂಲನ್ನು ಅರಿಯುವ ಬಗೆ: ಕಿವಿಯಿಂದ ಸೆನ್ಸರ್‌ವರೆಗೆ

ಲೇತ್ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತ ಟರ್ನರ್‌ಗೆ ಟೂಲ್ ಮೊಂಡಾಗಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಯಂತ್ರದ ಸದ್ದು ಬದಲಾಗುತ್ತದೆ, ಸಿಪ್ಪೆಯ ಬಣ್ಣ ಬೇರೆಯಾಗುತ್ತದೆ, ಜಾಬ್‌ನ ಮೈ ಒರಟಾಗುತ್ತದೆ. ಅವನು ಯಂತ್ರ ನಿಲ್ಲಿಸಿ ಟೂಲನ್ನು ಸಾಣೆಗೆ ಒಯ್ಯುತ್ತಾನೆ. ಬೇಗ ಬದಲಿಸಿದರೆ ಟೂಲ್ ದಂಡ, ತಡವಾದರೆ ಜಾಬ್ ದಂಡ. ಈ ಎರಡರ ನಡುವಿನ ಸರಿಯಾದ ಗಳಿಗೆಯನ್ನು ಹಿಡಿಯುವ ವಿದ್ಯೆಯನ್ನು ಯಂತ್ರಕ್ಕೇ ಕಲಿಸಲು ಮನುಷ್ಯ ನಡೆಸಿದ ಪ್ರಯತ್ನಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ತಾಂತ್ರಿಕ ಶಿಕ್ಷಣ ಪಡೆಯುತ್ತಿರುವ ನಮ್ಮ ವಿದ್ಯಾರ್ಥಿಗಳು ಅದನ್ನು ತಿಳಿದಿರುವುದು ಒಳ್ಳೆಯದು.

ಮೊಂಡು ಟೂಲ್ ಹೆಚ್ಚು ಬಿಸಿ ಹುಟ್ಟಿಸುತ್ತದೆ ಎಂಬುದು ಹಳೆಯ ಅನುಭವ. ಮ್ಯೂನಿಕ್ ನಗರದಲ್ಲಿ ಫಿರಂಗಿ ಕೊರೆಯುವ ಕೆಲಸ ನೋಡಿಕೊಳ್ಳುತ್ತಿದ್ದ ಕೌಂಟ್ ರಮ್‌ಫರ್ಡ್ ಬೇಕೆಂದೇ ಮೊಂಡಾದ ಬೈರಿಗೆಯನ್ನು ಬಳಸಿದನು. ಕುದುರೆಗಳು ತಿರುಗಿಸುತ್ತಿದ್ದ ಆ ಯಂತ್ರದಲ್ಲಿ ಎರಡೂವರೆ ಗಂಟೆಯೊಳಗೆ ನೀರು ಕುದಿಯಿತು. ಉಷ್ಣವು ಒಂದು ದ್ರವವಲ್ಲ, ಚಲನೆಯ ಒಂದು ರೂಪ ಎಂಬ ವಾದವನ್ನು ಅವನು 1798ರಲ್ಲಿ ಮಂಡಿಸಿದ್ದು ಈ ಪ್ರಯೋಗದ ಬಲದ ಮೇಲೆ.

ಟೇಲರನ ಇಪ್ಪತ್ತಾರು ವರ್ಷ

ಸವೆತವನ್ನು ಲೆಕ್ಕಕ್ಕೆ ತಂದವನು ಅಮೆರಿಕದ ಫ್ರೆಡರಿಕ್ ಟೇಲರ್. 1878ರಲ್ಲಿ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೂಲಿಯಾಗಿ ಸೇರಿ, ಬೇಗನೆ ಲೇತ್ ಕೆಲಸಗಾರರ ಮುಖ್ಯಸ್ಥನಾದ. 1880ರಲ್ಲಿ ಅವನು ಆರಂಭಿಸಿದ ಪ್ರಯೋಗಗಳು ಸುಮಾರು 26 ವರ್ಷ ನಡೆದವು. 30ರಿಂದ 50 ಸಾವಿರ ಪ್ರಯೋಗಗಳು ದಾಖಲಾದವು. 8 ಲಕ್ಷ ಪೌಂಡಿಗೂ ಹೆಚ್ಚು ಕಬ್ಬಿಣ ಮತ್ತು ಉಕ್ಕು ಸಿಪ್ಪೆಯಾಯಿತು. ಈ ನಡುವೆ ಮೌನ್ಸೆಲ್ ವೈಟ್ ಜೊತೆಗೂಡಿ ಅವನು ರೂಪಿಸಿದ ಹೈಸ್ಪೀಡ್ ಸ್ಟೀಲ್ ಟೂಲ್ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ತುದಿ ಕೆಂಪಗೆ ಕಾದಿದ್ದರೂ ಕತ್ತರಿಸುತ್ತಲೇ ಇದ್ದು ನೋಡುಗರನ್ನು ಬೆರಗುಗೊಳಿಸಿತು.

1906ರಲ್ಲಿ ಅವನು ಪ್ರಕಟಿಸಿದ ಸೂತ್ರವನ್ನು ಇಂದಿಗೂ ಎಲ್ಲ ಪಾಲಿಟೆಕ್ನಿಕ್‌ಗಳಲ್ಲಿ ಕಲಿಸುತ್ತಾರೆ. ಕತ್ತರಿಸುವ ವೇಗ ಹೆಚ್ಚಿದಂತೆ ಟೂಲ್‌ನ ಆಯುಸ್ಸು ಬಹುಬೇಗ ಕುಗ್ಗುತ್ತದೆ ಎಂಬುದು ಅದರ ಸಾರ. ಟೇಲರನ ಘಾತಾಂಕ ಎಂಟನೆಯ ಒಂದು ಭಾಗ. ಅಂದರೆ ವೇಗವನ್ನು ಶೇಕಡಾ 10ರಷ್ಟು ಹೆಚ್ಚಿಸಿದರೆ ಆಯುಸ್ಸು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಕೆಲಸಗಾರನ ತಲೆಯಲ್ಲಿದ್ದ ಅರಿವನ್ನು ಹೊರತೆಗೆದು ಕೋಷ್ಟಕಕ್ಕೂ ಸ್ಲೈಡ್ ರೂಲಿಗೂ ಇಳಿಸುವುದು ಟೇಲರನ ಉದ್ದೇಶವಾಗಿತ್ತು. ಮಿಡ್‌ವೇಲ್‌ನ ಕೆಲಸಗಾರರಿಗೂ ಅವನಿಗೂ ವರ್ಷಗಟ್ಟಲೆ ಜಗಳವಾದದ್ದು ಸುಮ್ಮನೆ ಅಲ್ಲ. ಅರಿವು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಅಂದೇ ಎದ್ದಿತ್ತು.

ಯಂತ್ರಕ್ಕೆ ಇಂದ್ರಿಯಗಳು

ಸೂತ್ರವು ಸರಾಸರಿ ಆಯುಸ್ಸನ್ನು ಹೇಳುತ್ತದೆಯೇ ಹೊರತು, ಈಗ ಯಂತ್ರದಲ್ಲಿರುವ ಈ ಟೂಲ್ ಹೇಗಿದೆ ಎಂದು ಹೇಳುವುದಿಲ್ಲ. ಅದಕ್ಕೆ ಸೆನ್ಸರ್ ಬೇಕಾಯಿತು. 1920ರ ದಶಕದ ಮಧ್ಯದಲ್ಲಿ ಅಮೆರಿಕದ ಶೋರ್, ಜರ್ಮನಿಯ ಗಾಟ್‌ವೈನ್, ಇಂಗ್ಲೆಂಡಿನ ಹರ್ಬರ್ಟ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒಂದು ಸರಳ ಉಪಾಯ ಕಂಡುಕೊಂಡರು. ಎರಡು ಬೇರೆ ಲೋಹಗಳು ಸೇರುವ ಕಡೆ ಬಿಸಿಯಾದರೆ ವಿದ್ಯುತ್ತು ಹುಟ್ಟುತ್ತದೆ. ಟೂಲ್ ಒಂದು ಲೋಹ, ಜಾಬ್ ಇನ್ನೊಂದು. ಇವೆರಡನ್ನೇ ಥರ್ಮೋಕಪಲ್ ಆಗಿ ಬಳಸಿ ಕತ್ತರಿಸುವ ಜಾಗದ ಶಾಖವನ್ನು ಅಳೆದರು.

ಮುಂದೆ ಬಲವನ್ನು ಅಳೆಯುವ ಸಾಧನಗಳು ಬಂದವು. ಒತ್ತಿದಾಗ ವಿದ್ಯುದಂಶ ತೋರುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಕಂಡಿದ್ದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಟೂಲ್ ಮೇಲಿನ ಒತ್ತಡ ಅಳೆಯಲು ಬಳಕೆಗೆ ಬಂತು. ಅಂಚು ಸವೆದಂತೆ ಟೂಲ್ ಜಾಬ್‌ಗೆ ಉಜ್ಜುತ್ತದೆ, ಒತ್ತಡ ಏರುತ್ತದೆ. 1950ರಲ್ಲಿ ಅದೇ ಮ್ಯೂನಿಕ್‌ನಲ್ಲಿ ಜೋಸೆಫ್ ಕೈಸರ್, ಎಳೆತಕ್ಕೆ ಸಿಕ್ಕ ಲೋಹ ಹೊರಡಿಸುವ ಸೂಕ್ಷ್ಮ ಧ್ವನಿಯ ಬಗ್ಗೆ ಪ್ರಬಂಧ ಬರೆದನು. ನಮ್ಮ ಕಿವಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಮಾತ್ರ ಕೇಳಿಸುತ್ತದೆ. ಈ ವಿಧಾನದ ಸೆನ್ಸರ್‌ಗಳು ನೂರಾರು ಕಿಲೋಹರ್ಟ್ಸ್‌ನ ಸದ್ದನ್ನು ಆಲಿಸುತ್ತವೆ. 1970ರ ದಶಕದಿಂದ ಜಪಾನಿನಲ್ಲೂ ಅಮೆರಿಕದಲ್ಲೂ ಇದನ್ನು ಟೂಲ್ ಸವೆತಕ್ಕೆ ಅನ್ವಯಿಸುವ ಸಂಶೋಧನೆ ನಡೆಯಿತು.

ಅಗತ್ಯವೂ ಆಗ ಬಲವಾಗಿತ್ತು. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಂಕಿಗಳ ಆದೇಶದಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಲಾಗಿತ್ತು. 1980ರ ದಶಕದ ಆರಂಭಕ್ಕೆ ಜಪಾನಿನ ಫ್ಯಾನುಕ್ ಕಂಪನಿಯ ಫ್ಯೂಜಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಯಂತ್ರಗಳು ಬಹುತೇಕ ಜನರಿಲ್ಲದೆ ಓಡುತ್ತಿದ್ದವು. ಸದ್ದು ಕೇಳುವ ಟರ್ನರ್ ಅಲ್ಲಿರಲಿಲ್ಲ.

ನಮ್ಮ ನಾಡಿನಲ್ಲಿ ಯಂತ್ರೋಪಕರಣ ಉದ್ಯಮಕ್ಕೆ ಬೆಂಗಳೂರೇ ತವರು. ಎಚ್‌ಎಂಟಿ 1953ರಲ್ಲಿ ಆರಂಭವಾಯಿತು. 1962ರಲ್ಲಿ ಜೆಕೊಸ್ಲೊವಾಕಿಯಾದ ನೆರವಿನಿಂದ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು.

ಉಳಿದಿರುವ ಪ್ರಶ್ನೆ

ಸೆನ್ಸರ್ ಕೊಡುವುದು ಒಂದು ಅಂಕಿ, ಅದರ ಅರ್ಥವನ್ನಲ್ಲ. ಜಾಬ್‌ನ ಲೋಹ ಗಟ್ಟಿಯಾದರೂ ಒತ್ತಡ ಏರುತ್ತದೆ, ಟೂಲ್ ಸವೆದರೂ ಏರುತ್ತದೆ. ಸುಳ್ಳು ಎಚ್ಚರಿಕೆ ಪದೇ ಪದೇ ಬಂದರೆ ಆಪರೇಟರ್ ಅದನ್ನು ನಂಬುವುದಿಲ್ಲ. ಇಂದು ಕಂಪ್ಯೂಟರಿಗೆ ಸಾವಿರಾರು ಸಂಕೇತಗಳನ್ನು ತೋರಿಸಿ ಸವೆತ ಗುರುತಿಸಲು ಕಲಿಸುತ್ತಾರೆ. ಆದರೆ ಆ ಪಾಠಕ್ಕೂ ಮೊದಲು ಮನುಷ್ಯನೊಬ್ಬ ಟೂಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸವೆತವನ್ನು ಅಳೆದು ಬರೆದಿಡಬೇಕು. ಸರಾಸರಿ 0.3 ಮಿಲಿಮೀಟರ್ ಸವೆದರೆ ಟೂಲ್‌ನ ಆಯುಸ್ಸು ಮುಗಿಯಿತೆಂಬ ಅಂತರರಾಷ್ಟ್ರೀಯ ಮಾನದಂಡವೂ ಮನುಷ್ಯರು ಕೂತು ನಿರ್ಧರಿಸಿದ್ದೇ.

ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವ ಮಿತ್ರರು ಇದರಿಂದ ಎರಡು ಮಾತು ತಿಳಿಯಬಹುದು. ಕೈಕಸುಬನ್ನು ಮಾತ್ರ ಕಲಿತು ಗಣಿತವನ್ನೂ ಎಲೆಕ್ಟ್ರಾನಿಕ್ಸ್ ಅನ್ನೂ ದೂರವಿಟ್ಟವನು ನಾಳೆ ಯಂತ್ರದ ಪಕ್ಕದಲ್ಲಿ ಬರೀ ಕಾವಲುಗಾರನಾಗುತ್ತಾನೆ. ಲೇತ್ ಮುಟ್ಟದೆ ಪರದೆಯನ್ನಷ್ಟೇ ನೋಡಿದ ಎಂಜಿನಿಯರ್‌ಗೆ ಗೆರೆ ಏರಿದ್ದು ಕಂಡರೂ ಏಕೆ ಏರಿತೆಂದು ತಿಳಿಯದು. ಟೇಲರನಿಗೆ ಆ ಸೂತ್ರ ಸಾಧ್ಯವಾದದ್ದು ಅವನು ಮೊದಲು ಯಂತ್ರದ ಮುಂದೆ ನಿಂತು ದುಡಿದವನಾದ್ದರಿಂದ. ವರ್ಕ್‌ಶಾಪಿನ ಅರಿವು ಮತ್ತು ತರಗತಿಯ ಅರಿವು ಒಬ್ಬನಲ್ಲೇ ಕೂಡಿದರೆ, ಅವನನ್ನು ಯಾವ ಸೆನ್ಸರ್ ಕೂಡ ಕೆಲಸದಿಂದ ತೆಗೆಯಲಾರದು. ಆ ಸೆನ್ಸರನ್ನು ಕೂಡಿಸಲು ಅವನೇ ಬೇಕಾಗುತ್ತದೆ.