ಬೀದಿಯ ಆಟ ಮತ್ತು ಅಪ್ಪಣೆ: ರಾಣೆಬೆನ್ನೂರು ಸೀಮೆಯ ವೇಷದಾಟಗಳಿಂದ ಅಂತರಜಾಲದ ನಡಿಗೆಯ ಕಲೆಯವರೆಗೆ

ರಂಗಮಂಚದ ಹಂಗಿಲ್ಲದೆ ಊರಿನ ಬೀದಿಯನ್ನೇ ನೆಲೆಯಾಗಿಸಿಕೊಂಡ ಪ್ರದರ್ಶನಗಳು ಕನ್ನಡ ಜಾನಪದದಲ್ಲಿ ಹೇರಳವಾಗಿವೆ. ಇವುಗಳಲ್ಲಿ ನೋಡುಗನೂ ಆಟಗಾರನೇ. ಹಲವು ವೇಳೆ ತಾನು ಆಟದೊಳಗೆ ಸಿಲುಕಿದ್ದೇನೆಂಬ ಅರಿವೂ ಅವನಿಗಿರುವುದಿಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಂತರಜಾಲದ ಆಟವನ್ನೂ ನಗರದ ಬೀದಿಯನ್ನೂ ಬೆಸೆದು ಹುಟ್ಟಿದ ನಡಿಗೆಯ ಕಲೆಯನ್ನು ತಂತ್ರಜ್ಞಾನದ ಕೂಸೆಂದು ಬಗೆಯುವುದು ರೂಢಿ. ಆದರೆ ಬೀದಿಯಲ್ಲಿ ಆಡುವ ಅಪ್ಪಣೆಯನ್ನು ಯಾರು, ಯಾರಿಗೆ ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಅದರ ಚರಿತ್ರೆ ಬೇರೊಂದು ಬಗೆಯಲ್ಲಿ ತೆರೆದುಕೊಳ್ಳುತ್ತದೆ.

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ ಇಂತಹ ಆಟಗಳ ಸೀಮೆಯೊಳಗಿನ ಊರು. ಅದೇ ತಾಲೂಕಿನಲ್ಲಿ ದೇವರಗುಡ್ಡದ ಮಾಲತೇಶನ ನೆಲೆಯಿದೆ. ತುಂಗಭದ್ರೆಯ ದಡದ ಮೈಲಾರವೂ ಬಹುದೂರದ್ದಲ್ಲ. ಭಾರತ ಹುಣ್ಣಿಮೆಯ ಮೈಲಾರ ಜಾತ್ರೆಯಲ್ಲಿ ಗೊರವ ಬಿಲ್ಲನ್ನೇರಿ ಒಂದೇ ಮಾತಿನ ಕಾರ್ಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಅರ್ಥ ಕಟ್ಟುವ ಹೊಣೆ ನೆರೆದವರದು. ಮಳೆಯೋ, ಬೆಳೆಯೋ, ರಾಜಕಾರಣವೋ ಎಂಬ ಚರ್ಚೆ ಜಾತ್ರೆಯಿಂದ ಮರಳುವ ದಾರಿಯುದ್ದಕ್ಕೂ ಬೆಳೆಯುತ್ತದೆ. ಹೀಗೆ ಮೈಲಾರದ ನಡಿಗೆಯೂ ಪ್ರದರ್ಶನದ ಒಂದು ಅಂಗವೇ ಆಗಿದೆ.

ಹಗಲುವೇಷದವರ ಕ್ರಮ ಇನ್ನೂ ಸೂಕ್ಷ್ಮವಾದುದು. ಹೆಸರೇ ಸೂಚಿಸುವಂತೆ ಇವರು ದೀಪದ ಬೆಳಕಿಗೆ ಕಾಯದೆ ಹಾಡುಹಗಲೇ ರಾಮಾಯಣ, ಮಹಾಭಾರತಗಳ ಪಾತ್ರ ಧರಿಸಿ ಮನೆಮನೆಗೆ, ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ. ದಿನಕ್ಕೊಂದು ವೇಷದಂತೆ ಕೆಲವು ದಿನ ಊರಲ್ಲಿ ನಿಂತು, ಕೊನೆಗೆ ದವಸವನ್ನೋ ಹಣವನ್ನೋ ಪಡೆದು ಮುಂದಿನ ಊರಿಗೆ ಸಾಗುವುದು ವಾಡಿಕೆ. ವ್ಯಾಪಾರದಲ್ಲಿ ಮುಳುಗಿದ ಅಂಗಡಿಕಾರನ ಮುಂದೆ ಭೀಮ ಬಂದು ನಿಂತಾಗ ಅವನು ಕೊಡುವ ಉತ್ತರವೇ ಆಟದ ಮುಂದಿನ ಮಾತು. ವೇಷವನ್ನು ವೇಷವೆಂದು ತಿಳಿದೂ ಅದಕ್ಕೆ ಮಣಿಯುವ ಈ ಸಮ್ಮತಿ ಬರೆದಿಟ್ಟ ಕರಾರಲ್ಲ. ತಲೆಮಾರುಗಳ ಪರಿಚಯ ಅದಕ್ಕೆ ಆಧಾರ.

ಹೋಳಿಯಲ್ಲಿ ಈ ಅಪ್ಪಣೆ ಪಂಚಾಂಗದಿಂದಲೇ ದೊರೆಯುತ್ತದೆ. ಹಲಗೆಯ ಸದ್ದು, ಕದ್ದು ತಂದ ಕುಳ್ಳು-ಕಟ್ಟಿಗೆ, ಬದುಕಿರುವವನನ್ನೇ ಹೊತ್ತು ಮಾಡುವ ಅಣಕು ಶವಯಾತ್ರೆ ಇವೆಲ್ಲ ಆ ಕೆಲವು ದಿನಗಳಿಗಷ್ಟೇ ಸಲ್ಲುವ ಸ್ವಾತಂತ್ರ್ಯಗಳು. ರಾಣೆಬೆನ್ನೂರಿನ ಜೀವಂತ ಕಾಮ-ರತಿಯರ ಆಟ ಇವುಗಳಲ್ಲಿ ವಿಶಿಷ್ಟವಾದುದು. ಗೊಂಬೆಗಳ ಬದಲು ವೇಷ ತೊಟ್ಟ ಇಬ್ಬರು ಮನುಷ್ಯರೇ ಕಾಮ-ರತಿಯರಾಗಿ ಅಲುಗದೆ ಕುಳಿತಿರುತ್ತಾರೆ. ನೆರೆದವರಲ್ಲಿ ಯಾರು ಬೇಕಾದರೂ ಮುಂದೆ ಬಂದು ಚೇಷ್ಟೆ, ಅಣಕ, ನಗೆಮಾತುಗಳಿಂದ ಅವರನ್ನು ನಗಿಸಲು ಯತ್ನಿಸಬಹುದು. ನಗಿಸಿದವರಿಗೆ ಬಹುಮಾನ. ಸಾಮಾನ್ಯ ನಾಟಕದಲ್ಲಿ ನಟ ನಗಿಸುತ್ತಾನೆ, ಜನ ನಗುತ್ತಾರೆ. ಇಲ್ಲಿ ಆ ಸಂಬಂಧ ಪೂರ್ತಿ ತಿರುವುಮುರುವಾಗಿದೆ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಇಲ್ಲಿ ರತಿಯೂ ಗಂಡಸೇ. ಹಗಲುವೇಷದಲ್ಲಿಯೂ ಸ್ತ್ರೀಪಾತ್ರ ಗಂಡಸರದೇ. ಹೋಳಿಯ ಬೊಬ್ಬೆ ಬೀದಿಯನ್ನು ತುಂಬಿದಾಗ ಹೆಣ್ಣುಮಕ್ಕಳು ಬಾಗಿಲು, ಮಾಳಿಗೆಗಳಿಂದ ನೋಡುವವರು. ಎಲ್ಲರಿಗೂ ತೆರೆದ ಆಟವೆಂದು ಜಾನಪದ ಅಧ್ಯಯನಗಳು ಬಣ್ಣಿಸಿದ ಬೀದಿ ನಿಜಕ್ಕೂ ಅರ್ಧದಷ್ಟು ಜನರಿಗೆ ಮಾತ್ರ ತೆರೆದಿತ್ತು.

ಇದೇ ಪ್ರಶ್ನೆ ಹೊಸ ಮಾಧ್ಯಮದಲ್ಲಿ ಏನಾಯಿತೆಂಬುದಕ್ಕೆ ಇಂಗ್ಲೆಂಡಿನ ಬ್ಲಾಸ್ಟ್ ಥಿಯರಿ ಎಂಬ ಕಲಾವಿದರ ತಂಡದ ಪ್ರಯೋಗವನ್ನು ಮೊದಲು ನೋಡಬಹುದು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಸಂಶೋಧಕರೊಡನೆ ಅವರು ರೂಪಿಸಿದ ‘ಕ್ಯಾನ್ ಯೂ ಸೀ ಮೀ ನೌ?’ ೨೦೦೧ರಲ್ಲಿ ಶೆಫೀಲ್ಡ್ ನಗರದಲ್ಲಿ ನಡೆಯಿತು. ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತವರು ಆ ನಗರದ ನಕ್ಷೆಯೊಳಗೆ ಓಡುತ್ತಿದ್ದರು. ಅಂಗೈಗಣಕ ಹಿಡಿದ ಕಲಾವಿದರು ನಿಜವಾದ ಬೀದಿಗಳಲ್ಲಿ ಓಡಿ ಅವರನ್ನು ಬೆನ್ನಟ್ಟುತ್ತಿದ್ದರು. ಇರುವ ನೆಲೆಯನ್ನು ಉಪಗ್ರಹದ ಸಂಕೇತ ತಿಳಿಸುತ್ತಿತ್ತು. ಆಟಕ್ಕೆ ಸೇರುವವರನ್ನು, ಬಹುಕಾಲ ಕಾಣದಿದ್ದರೂ ಇನ್ನೂ ನೆನಪಾಗುವ ವ್ಯಕ್ತಿ ಯಾರು ಎಂದು ಮೊದಲೇ ಕೇಳಲಾಗುತ್ತಿತ್ತು. ಸಿಕ್ಕಿಬಿದ್ದ ಗಳಿಗೆಯಲ್ಲಿ ಓಟಗಾರ ಆ ಹೆಸರನ್ನು ಕೂಗಿ, ಯಾರೂ ಇಲ್ಲದ ಆ ಜಾಗದ ಚಿತ್ರವೊಂದನ್ನು ತೆಗೆಯುತ್ತಿದ್ದ. ೨೦೦೩ರಲ್ಲಿ ಈ ಕೃತಿಗೆ ಆಸ್ಟ್ರಿಯಾದ ಆರ್ಸ್ ಎಲೆಕ್ಟ್ರಾನಿಕಾದ ಗೋಲ್ಡನ್ ನಿಕಾ ಪ್ರಶಸ್ತಿ ಸಂದಿತು. ದೂರದಲ್ಲಿ ಕುಳಿತವನಿಗೂ ಬೀದಿ ದಕ್ಕಿತು. ಆದರೆ ಓಟಗಾರನ ಪಕ್ಕದಲ್ಲೇ ಹಾದುಹೋದ ಶೆಫೀಲ್ಡಿನ ನಿವಾಸಿಗೆ ಈ ಓಟ ಯಾವುದರದೆಂಬುದು ತಿಳಿಯುವಂತಿರಲಿಲ್ಲ. ಭೀಮನ ವೇಷ ಕಂಡೊಡನೆ ಗುರುತಿಸುವ ಮೇಡ್ಲೇರಿ ಸೀಮೆಯ ಅಂಗಡಿಕಾರನ ಅನುಕೂಲ ಅವನಿಗಿರಲಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದ ಪ್ರಯೋಗ ಬೆಂಗಳೂರಿನದು. ಜಸ್ಮೀನ್ ಪಥೇಜಾ ಅವರು ೨೦೦೩ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿಯಾಗಿದ್ದಾಗ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಬೀದಿಯಲ್ಲಿ ಹೆಣ್ಣುಮಕ್ಕಳು ಎದುರಿಸುವ ಕಿರುಕುಳವನ್ನು ಕಲೆಯ ವಸ್ತುವಾಗಿಸಿತು. ಪರಸ್ಪರ ಅಪರಿಚಿತರಾದವರು ಅಂತರಜಾಲದಲ್ಲಿ ಅನುಭವ ಹಂಚಿಕೊಂಡರು. ಅಲ್ಲಿಯೇ ಕರೆ ಕೊಟ್ಟು, ಬೀದಿಯಲ್ಲಿ ಸೇರಿದರು. ಸಂಚಾರದ ಕೆಂಪುದೀಪ ಬೆಳಗಿದಾಗ ಯುವತಿಯರು ರಸ್ತೆ ದಾಟುವ ಪಟ್ಟಿಯ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಒಬ್ಬೊಬ್ಬರ ಉಡುಪಿನ ಮೇಲೆ ಕೆಂಪು ಪಟ್ಟಿಯ ಒಂದೊಂದು ಇಂಗ್ಲಿಷ್ ಅಕ್ಷರ. ಕೂಡಿ ಓದಿದರೆ, ನನ್ನನ್ನೇಕೆ ನೋಡುತ್ತಿರುವೆ ಎಂಬ ಪ್ರಶ್ನೆ. ಹಸಿರುದೀಪ ಬರುವವರೆಗೆ ವಾಹನ ಸವಾರರು ಒಲ್ಲದ ಪ್ರೇಕ್ಷಕರು. ಕಾಮ-ರತಿಯರ ಮೌನ ಇಲ್ಲಿ ನಗೆಗೆ ಎಡೆಗೊಡದ ಬೇರೊಂದು ಮೌನವಾಯಿತೆನ್ನಬಹುದು.

ಅಳುಕಿಲ್ಲದೆ ನಡೆಯುವುದು ಹೇಗೆಂಬ ಸೂಚನೆಗಳನ್ನೂ ಈ ಬಳಗ ಕೂಡಿ ರಚಿಸಿತು. ತೀರ ನಿಧಾನವಾಗಿ ನಡೆಯುವುದು, ನೆಲ ನೋಡದಿರುವುದು, ಕೈಗಳನ್ನು ಸಡಿಲಬಿಡುವುದು ಇಂತಹ ಸರಳ ಕಟ್ಟಳೆಗಳವು. ಆಟದ ನಿಯಮದ ರೂಪದಲ್ಲಿ ಬಂದುದರಿಂದಲೇ ಅವು ಪಾಲಿಸಲು ಸಾಧ್ಯವಾದವು. ಒಂಟಿಯಾಗಿ ನಡೆವವಳಿಗೂ ಅದೇ ಕಟ್ಟಳೆಯಂತೆ ಇನ್ನೊಂದೆಡೆ ನಡೆಯುತ್ತಿರುವವರ ಅರಿವಿತ್ತು. ಊರು, ಪಂಚಾಂಗ, ದೈವ ಕೊಡದ ಅಪ್ಪಣೆಯನ್ನು ಕಾಣದ ಜೊತೆಗಾತಿಯರು ಕೊಟ್ಟರು. ಇಂಗ್ಲಿಷ್ ಮತ್ತು ಅಂತರಜಾಲ ಕೈಗೆಟುಕಿದವರಿಗೆ ಈ ಬಳಗ ಮೊದಲು ತೆರೆದುದೆಂಬುದು ಅದರ ಮಿತಿ. ಹಗಲುವೇಷದ ಭಾಷೆ ಬೀದಿಯ ಭಾಷೆಯೇ ಆಗಿತ್ತು.

೨೦೧೪ರಲ್ಲಿ ಇದೇ ಬಳಗ ‘ಮೀಟ್ ಟು ಸ್ಲೀಪ್’ ಎಂಬ ಕಾರ್ಯಕ್ರಮ ಆರಂಭಿಸಿತು. ಹೆಂಗಸರು ಸಾರ್ವಜನಿಕ ಉದ್ಯಾನಕ್ಕೆ ಬಂದು, ಹುಲ್ಲಿನ ಮೇಲೆ ಮಲಗಿ ನಿದ್ರಿಸುವುದಷ್ಟೇ ಅದರ ವಿಧಿ. ಮುಂದೆ ಅದು ಭಾರತದ ಹಲವು ನಗರಗಳಲ್ಲಿಯೂ ಪಾಕಿಸ್ತಾನದಲ್ಲಿಯೂ ನಡೆಯಿತು.