ಮೌನದ ಪರೀಕ್ಷೆ: ಕೋಲಾರದ ಚಿನ್ನದ ಗಣಿಗಳೂ ಹವ್ಯಾಸಿ ರೇಡಿಯೋದ ಅಳತೆಯ ಉಪಕರಣಗಳೂ

ಹವ್ಯಾಸಿ ರೇಡಿಯೋ ನಿರ್ಮಿಸುವವನು ಮಿತವಾದ ಹಣದಲ್ಲಿ ಮೊದಲು ಯಾವ ಅಳತೆಯ ಉಪಕರಣವನ್ನು ಕೊಳ್ಳಬೇಕೆಂಬ ಪ್ರಶ್ನೆಯನ್ನು ಅಂಗಡಿಯ ಬೆಲೆಪಟ್ಟಿಗೆ ಬಿಡುವುದು ವಾಡಿಕೆ. ಕೋಲಾರದ ಚಿನ್ನದ ಗಣಿ ಪ್ರದೇಶದ ಇತಿಹಾಸವನ್ನು ನೋಡಿದರೆ, ಬೆಲೆಗಿಂತ ಮುಂಚೆ ಕೇಳಬೇಕಾದುದು ಬೇರೊಂದಿದೆಯೆಂದು ನಮಗೆ ತೋರುತ್ತದೆ: ಯಂತ್ರವು ಮೌನವಾಗಿರುವಾಗ ಅದು ಕೆಟ್ಟಿದೆಯೋ, ಅಥವಾ ಕೇಳಲು ಏನೂ ಇಲ್ಲವೋ?

ಈ ಪ್ರದೇಶಕ್ಕೆ ವಿದ್ಯುತ್ತು ಬಂದುದು 1902ರಲ್ಲಿ. ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ತಂತಿಗಳ ಮೇಲೆ ಹರಿದು ಬಂದ ಆ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು. ಗಣಿಯ ಭಾರಿ ಮೋಟಾರುಗಳಿಗೆ ಅದು ಒಪ್ಪುತ್ತಿತ್ತು. ರೇಡಿಯೋದವನಿಗೆ ಮಾತ್ರ ಅಂಥ ವಿದ್ಯುತ್ತು ತೊಡಕೇ ಸರಿ. 50 ಆವರ್ತಕ್ಕೆಂದು ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನ 25 ಆವರ್ತಕ್ಕೆ ಜೋಡಿಸಿದರೆ, ಕಬ್ಬಿಣದ ತಿರುಳು ಇಮ್ಮಡಿ ಕಾಂತಪ್ರವಾಹವನ್ನು ಹೊರಬೇಕಾಗುತ್ತದೆ. ಅದನ್ನು ತಾಳಲಾರದೆ ಸುರುಳಿ ಕಾದು ಸುಡುತ್ತದೆ. ರೆಕ್ಟಿಫೈಯರಿನ ಗುಂಯ್‌ಗುಟ್ಟುವಿಕೆಯೂ ನೂರರಿಂದ ಐವತ್ತಕ್ಕೆ ಇಳಿಯುವುದರಿಂದ ಅದನ್ನು ಅಡಗಿಸಲು ಇಮ್ಮಡಿ ಕಂಡೆನ್ಸರು ಬೇಕು. ಹೀಗೆ ಮನೆಯ ಗೋಡೆಯಲ್ಲಿರುವುದೇನೆಂದು ಅರಿಯದೆ ಕೊಂಡ ಅಗ್ಗದ ಯಂತ್ರ ಬಹುಕಾಲ ಅಗ್ಗವಾಗಿ ಉಳಿಯಲಾರದು.

ಬೌರಿಂಗ್‌ಪೇಟೆಯೆಂದು ಹಿಂದೆ ಕರೆಯುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿಯೇ ರೈಲುದಾರಿಯಾಯಿತು. ಬಿಡಿಭಾಗ ಬೇಕಾದವರು ಬಂಗಾರಪೇಟೆಯನ್ನು ಹಾದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದು ಇಂದಿಗೂ ಉಂಟು. ಅಲ್ಲಿ ಕೈಗೆ ಮೊದಲು ಸಿಗುವುದು ಮೀಟರು. ಒಂದು ಲಕ್ಷ ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ 200 ವೋಲ್ಟಿಗೆ ಜೋಡಿಸಿದರೆ ನಡುವೆ ಇರಬೇಕಾದುದು 100 ವೋಲ್ಟು. ವೋಲ್ಟಿಗೆ 1,000 ಓಮಿನ ಮೀಟರನ್ನು 100 ವೋಲ್ಟಿನ ಮಾಪನದಲ್ಲಿ ಇಟ್ಟರೆ ಅದು ಸುಮಾರು 67 ಎನ್ನುತ್ತದೆ. ವೋಲ್ಟಿಗೆ 20,000 ಓಮಿನದು ಸುಮಾರು 97.6 ಎನ್ನುತ್ತದೆ. ಮೊದಲನೆಯದು ಕೆಟ್ಟಿಲ್ಲ, ತಾನು ಅಳೆಯುವುದನ್ನು ತಾನೇ ಬದಲಿಸಿದೆ. ಈಗಿನ ಅಂಕಿಯ ಮೀಟರುಗಳಲ್ಲಿಯೂ ತೀರ ಅಗ್ಗದವು 1 ಮೆಗಓಮಿನವು, ಒಳ್ಳೆಯವು ಸಾಮಾನ್ಯವಾಗಿ 10 ಮೆಗಓಮಿನವು. ಮೀಟರಿಗೆಂದು ಎತ್ತಿಟ್ಟ ಹಣವನ್ನು ಈ ಒಂದು ಗುಣಕ್ಕೆ ವ್ಯಯಿಸುವುದು ಯುಕ್ತವೆಂದು ನಮ್ಮ ಮತ.

ಇನ್ನು ಮೌನದ ವಿಷಯ. 1951ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಅವರು ನೆಲದಾಳದಲ್ಲಿ ವಿಶ್ವಕಿರಣಗಳ ಮ್ಯೂಆನುಗಳನ್ನು ಎಣಿಸಲು ಈ ಗಣಿಗಳಿಗೆ ಬಂದರು. ನಂಜನಗೂಡಿನವರಾದ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದೊಡನೆ ನಿಸ್ತಂತುವನ್ನು ವಿಶೇಷವಾಗಿ ಅಭ್ಯಸಿಸಿದ್ದವರೆಂಬುದು ಇಲ್ಲಿ ಗಮನಾರ್ಹ. ಆ ಶೋಧನೆ ಮುಂದುವರಿದು, 1960ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಯ ತಂಡವೊಂದು ಬೇರೆ ಬೇರೆ ಆಳಗಳಲ್ಲಿ ಎಣಿಕೆ ನಡೆಸಿತು. ಕೆಳಗಿಳಿದಂತೆ ಎಣಿಕೆ ಇಳಿಯಿತು, ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಸಿಗಲಿಲ್ಲ. ಸೊನ್ನೆಯನ್ನು ಕೆಟ್ಟ ಯಂತ್ರವೂ ಕೊಡುತ್ತದೆ. ಮೇಲಿನ ಮಟ್ಟಗಳಲ್ಲಿ ಎಣಿಕೆ ದೊರೆತಿದ್ದುದರಿಂದಲೇ ಈ ಸೊನ್ನೆಗೆ ಬೆಲೆ ಬಂದಿತೆಂದು ನಾವು ಭಾವಿಸುತ್ತೇವೆ. ಅಷ್ಟು ನಿಶ್ಶಬ್ದವಾದ ಸ್ಥಳದಲ್ಲಿ ನ್ಯೂಟ್ರಿನೊವನ್ನು ಹುಡುಕಬಹುದೆಂಬ ಧೈರ್ಯ ಅಲ್ಲಿಂದ ಹುಟ್ಟಿತು. 1965ರಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾನಿಲಯ ಹಾಗೂ ಡರ್ಹ್ಯಾಮ್ ವಿಶ್ವವಿದ್ಯಾನಿಲಯಗಳ ತಂಡ ವಾತಾವರಣದ ನ್ಯೂಟ್ರಿನೊಗಳ ಗುರುತನ್ನು ಕಂಡಿತು. ಗಣಿಗಳು 2001ರಲ್ಲಿ ಮುಚ್ಚಿದವು.

ಹವ್ಯಾಸಿಯ ಮೇಜಿನ ಮೇಲೆ ಈ ಮೇಲಿನ ಮಟ್ಟದ ಕೆಲಸವನ್ನು ಮಾಡುವುದು ಸ್ಫಟಿಕದ ಆಂದೋಲಕ. 1 ಮೆಗಾಸೈಕಲ್ಲಿನ ಸ್ಫಟಿಕ, ಒಂದು ಟ್ರಾನ್ಸಿಸ್ಟರು, ನಾಲ್ಕಾರು ಬಿಡಿಭಾಗ: ಮೀಟರಿಗಿಂತ ಕಡಮೆ ಖರ್ಚು. ಅದರ ಏಳನೆಯ ಗುಣಕ 7 ಮೆಗಾಸೈಕಲ್ಲಿನಲ್ಲಿ, ಹವ್ಯಾಸಿಗಳ 40 ಮೀಟರ್ ಪಟ್ಟಿಯ ಅಂಚಿನಲ್ಲಿಯೇ ಕೇಳಿಸುತ್ತದೆ. ಅದು ಕೇಳಿಸಿ ದೂರದ ನಿಲಯ ಕೇಳಿಸದಿದ್ದರೆ ತಪ್ಪು ಏರಿಯಲ್ಲಿನಲ್ಲಿಯೋ ಆಕಾಶದಲ್ಲಿಯೋ ಇರಬಹುದು; ಅದೂ ಕೇಳಿಸದಿದ್ದರೆ ಪೆಟ್ಟಿಗೆಯನ್ನು ಬಿಚ್ಚತಕ್ಕದ್ದು. ಆಸಿಲೋಸ್ಕೋಪನ್ನು ಆಮೇಲೆ ಕೊಳ್ಳಬಹುದು. ಈಚೆಗೆ ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುವ ನ್ಯಾನೋ ವಿ.ಎನ್.ಎ. ಎಂಬ ಅಂಗೈಯಗಲದ ಯಂತ್ರವೂ ಏರಿಯಲನ್ನು ಅಳೆಯುವ ಮುನ್ನ ತೆರೆದ ತುದಿ, ಕೂಡಿಸಿದ ತುದಿ, 50 ಓಮಿನ ಭಾರ ಎಂಬ ಮೂರು ಗೊತ್ತಾದ ವಸ್ತುಗಳನ್ನು ಕೇಳುತ್ತದೆ. ಆ ಭಾರ ಕಳೆದುಹೋದರೆ, 100 ಓಮಿನ ಎರಡು ರೆಸಿಸ್ಟರುಗಳನ್ನು ಕಾಲುಗಳನ್ನು ಗಿಡ್ಡವಾಗಿ ಕತ್ತರಿಸಿ, ಸಮಾಂತರವಾಗಿ ಬೆಸೆದುಕೊಂಡರೆ ಸಾಕಾಗುತ್ತದೆ.